ಭಾಗಿಯ ಹೃದಯ ನಿಮ್ಮ ಯಾವ ಮೇಜಿನ ಮೇಲಿದೆ?

ಪಶು ಆಹಾರ ಪರಿಶೀಲನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

'ಮಾನ್ಯರೇ' ಎಂಬ ಈ ಒಂದು ಶಬ್ದ ಮೇಲೆ ಇಲ್ಲದಿದ್ದರೆ ಪತ್ರವನ್ನು ಯಾರೂ ಮುಟ್ಟುವುದಿಲ್ಲ ಎಂದು ನನ್ನ ಯಜಮಾನರು ಹೇಳಿದರು. ಅದಕ್ಕೆ ಬರೆದಿದ್ದೇನೆ. ಇನ್ನು ವಿಷಯ. ನಮ್ಮ ಮನೆಯ ದನ ಭಾಗಿ ಈ ಮಳೆಗಾಲದ ಆರಂಭದಲ್ಲಿ ಸತ್ತಿತು. ಹೃದಯದ ಸ್ನಾಯು ಕೆಟ್ಟು, ಹಿಂಗಾಲಿನ ನರ ಸೋತು, ಬಾಣಂತನ ಮುಗಿಯುವ ಮೊದಲೇ ಸತ್ತಿತು. ಅದನ್ನು ಕೊಯ್ದು ನೋಡಿದ ಸರ್ಕಾರಿ ವೈದ್ಯೆ ಹೃದಯದ ಒಂದು ತುಂಡು, ತೊಡೆಯ ಒಂದು ತುಂಡು, ಅದು ತಿಂದ ಆಹಾರದ ಒಂದು ಪೊಟ್ಟಣ, ಇಷ್ಟನ್ನೂ ನಿಮ್ಮ ಕಚೇರಿಗೆ ಕಳಿಸಿದರು. ಬಹಳ ಕಾಲದ ನಂತರ ನಿಮ್ಮಿಂದ ಬಂದ ಉತ್ತರ ಒಂದೇ ಸಾಲಿನದು: "ಸ್ವಾಭಾವಿಕ ಕಾರಣಗಳಿಂದ ಹೃದಯ ಸ್ತಂಭನ." ಹೃದಯ ನಿಲ್ಲದೆ ಸತ್ತ ಪ್ರಾಣಿ ನಿಮ್ಮ ಸೇವಾವಧಿಯಲ್ಲಿ ಒಂದಾದರೂ ಸಿಕ್ಕಿದೆಯೇ ಸ್ವಾಮಿ? ಏಕೆ ನಿಂತಿತು ಎಂದು ನಾವು ಕೇಳಿದ್ದೆವು. ನಿಂತಿತು ಎಂದು ನೀವು ಉತ್ತರ ಕೊಟ್ಟಿದ್ದೀರಿ.

ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ಊರವರೆಲ್ಲ ಓದಲಿ ಎಂಬ ಆಸೆಗಿಂತ, ನೀವು ಓದುವುದಕ್ಕೆ ಬೇರೆ ದಾರಿ ಕಾಣಲಿಲ್ಲ ಎಂಬ ಕಾರಣಕ್ಕೆ. ಈ ಹಿಂದೆ ನಿಮ್ಮ ಕಚೇರಿಗೆ ಬರೆದ ಪತ್ರಗಳು ಎಲ್ಲಿ ಹೋದವು ಎಂದು ಕೇಳಿದರೆ ನಿಮ್ಮ ಸಿಬ್ಬಂದಿ ಕಪಾಟಿನ ಕಡೆ ನೋಡುತ್ತಾರೆ. ಪತ್ರಿಕೆಯನ್ನಾದರೋ ಬೆಳಿಗ್ಗೆ ಚಹಾದ ಜೊತೆಗೆ ನೋಡುತ್ತೀರಿ ಎಂದು ಕೇಳಿದ್ದೇನೆ. ಆ ಚಹಾಕ್ಕೆ ಹಾಲು ಎಲ್ಲಿಂದಲೋ ಬಂದಿರುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಮುಂದೆ ಓದಿ.

ನಾನು ಗಿರಿಜಾ. ಬ್ರಹ್ಮಾವರ ತಾಲೂಕಿನಲ್ಲಿ, ಕೊಕ್ಕರ್ಣೆಯಿಂದ ಇನ್ನೂ ಸ್ವಲ್ಪ ಒಳಗೆ ನಮ್ಮ ಮನೆ. ಹಾಲು ಕರೆದು ಡೈರಿಗೆ ಹಾಕುವುದು ನನ್ನ ಕೆಲಸ. ನನ್ನ ಯಜಮಾನರು ಮಂಜಯ್ಯ, ಮುಂಬೈಯ ಹೋಟೆಲುಗಳಲ್ಲಿ ಭಟ್ಟಿಯ ಮುಂದೆ ನಿಂತು ಬದುಕಿದವರು. ಈಗ ಊರಿಗೆ ಬಂದು ನೆಲೆ ನಿಂತಿದ್ದಾರೆ, ಆದರೆ ಸೌಟು ಕೈಬಿಟ್ಟಿಲ್ಲ. ಮನೆಯ ಅಡುಗೆಯನ್ನು ನಾನು ಮಾಡಲಿ ಬಿಡಲಿ, ದನಗಳ ಅಡುಗೆ ಅವರದೇ. ಅಂಗಳದ ಮೂಲೆಯಲ್ಲಿ ದೊಡ್ಡ ಒಲೆ, ಅದರ ಮೇಲೆ ಮದುವೆ ಮನೆಯಲ್ಲಿ ಸಾರು ಮಾಡುವಂಥ ಕಡಾಯಿ. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿ ಸಿಪ್ಪೆ, ತೌಡು, ಹಿಂಡಿ ಎಲ್ಲ ಹಾಕಿ ಕುದಿಸಿ ಮಾಡುವ ಅಕ್ಕಚ್ಚು ನಮ್ಮ ಊರಿನ ದನಗಳಿಗೆಲ್ಲ ಸಿಗುತ್ತದೆ. ನಮ್ಮ ಭಾಗಿಗೆ ಸಿಗುತ್ತಿದ್ದದ್ದು ಮಾತ್ರ ಉಪ್ಪು ನೋಡಿ ಇಳಿಸಿದ ಅಕ್ಕಚ್ಚು. ನಿಜವಾಗಿಯೂ ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ನಾನು ಬೈದರೆ, "ಗಿರಾಕಿಗೆ ಕೊಡುಕ್ ಮುಂಚೆ ನೋಡ್ಕ್ ಮಾರಾಯ್ತಿ, ಅಭ್ಯಾಸ" ಎನ್ನುತ್ತಿದ್ದರು.

ಈಗ ನಮ್ಮಲ್ಲಿಯ ಒಂದು ಪದ್ಧತಿ ಹೇಳಬೇಕು. ನಿಮ್ಮ ಕಚೇರಿಗೆ ಇದರ ಉಪಯೋಗವಿಲ್ಲ ಎಂದು ಈ ಪುಟ ಮಗುಚಬೇಡಿ, ದನ ಸತ್ತದ್ದು ಇದರಿಂದಲೇ. ನಮ್ಮಲ್ಲಿ ದನ ಕರು ಹಾಕಿದರೆ ಗಿಣ್ಣು ಹಾಲನ್ನು ಒಬ್ಬರೇ ತಿನ್ನುವುದಿಲ್ಲ, ಬೆಲ್ಲ ಹಾಕಿ ಬೇಯಿಸಿ ನೆರೆಮನೆಗೆ ಕೊಡುತ್ತೇವೆ. ಕೊಟ್ಟ ಪಾತ್ರೆ ಖಾಲಿ ವಾಪಸ್ ಬರುವುದಿಲ್ಲ. ಬೇರೆ ದಿನಗಳಲ್ಲಾದರೆ ಅದರಲ್ಲಿ ಬಸಳೆ ಬರುತ್ತದೆ, ನುಗ್ಗೆ ಸೊಪ್ಪು ಬರುತ್ತದೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿಯಾದರೂ ಬರುತ್ತದೆ. ಗಿಣ್ಣಿನ ಪಾತ್ರೆಯಲ್ಲಿ ಬರುವುದು ಮಾತ್ರ ನಮಗಲ್ಲ, ಬಾಣಂತಿ ದನಕ್ಕೆ. ಒಬ್ಬರು ಬೆಲ್ಲದ ಅಚ್ಚು ಇಟ್ಟು ಕಳಿಸುತ್ತಾರೆ, ಇನ್ನೊಬ್ಬರು ತೆಂಗಿನಕಾಯಿ ಹಿಂಡಿ. ಹಾಲು ಕೊಟ್ಟವಳಿಗೆ ತಿನ್ನಲು ಏನಾದರೂ ಕೊಡಬೇಕು ಎಂಬ ಸಾಮಾನ್ಯ ಬುದ್ಧಿ ಅಷ್ಟೆ.

ಭಾಗಿ ಹೆಣ್ಣು ಕರು ಹಾಕಿತ್ತು. ಗದ್ದೆಯ ಆಚೆ ಇರುವ ಪ್ರಫುಲ್ಲಾಳ ಮನೆಗೆ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಗಿಣ್ಣು ಕಳಿಸಿದೆ. ಪ್ರಫುಲ್ಲಾಳಿಗೂ ನನಗೂ ಒಂದೇ ಬಾವಿಯ ನೀರು, ಒಂದೇ ಹರಟೆ. ಅವಳು ಕೋಳಿ ಶೆಡ್ ಇಟ್ಟಿದ್ದಾಳೆ. ಮರಿಯನ್ನೂ ತಿಂಡಿಯನ್ನೂ ಒಂದು ಕಂಪೆನಿ ತಂದು ಕೊಡುತ್ತದೆ, ಇವಳು ಸಾಕುತ್ತಾಳೆ, ಬೆಳೆದ ಮೇಲೆ ಲಾರಿ ಬಂದು ಹೊತ್ತುಕೊಂಡು ಹೋಗುತ್ತದೆ. ಆಗಷ್ಟೇ ಲಾರಿ ಹೋಗಿತ್ತು. ತಿಂಡಿಯ ಚೀಲಗಳಲ್ಲಿ ಬುಡದ್ದು ಸ್ವಲ್ಪ ಉಳಿದಿತ್ತು, ತಟ್ಟೆಗಳ ಅಡಿಯಲ್ಲಿ ನಿಂತ ಹುಡಿಯೂ ಇತ್ತು. ಇನ್ನು ಹೊಸ ಮರಿ ಬರುವಾಗ ಅದು ಹಳತಾಗುತ್ತದೆ. ಅದನ್ನೆಲ್ಲ ಒಟ್ಟು ಮಾಡಿ, ಪಾತ್ರೆಯಲ್ಲಿ ಶಾಸ್ತ್ರಕ್ಕೆ ಒಂದು ಬೊಗಸೆ ತುಂಬಿ, ಉಳಿದದ್ದನ್ನು ಚೀಲದಲ್ಲಿ ತಲೆಯ ಮೇಲೆ ಹೊತ್ತು ತಾನೇ ಬಂದಳು.

"ಗಿರ್ಜಕ್ಕ, ಬಾಣಂತಿಗೆ ಕೊಡಿ. ಜೋಳ ಇತ್ತ್, ಸೋಯಾ ಇತ್ತ್. ಕೋಳಿ ತಿಂದ್ ಹ್ಯಾಂಗ್ ದಪ್ಪ ಆತ್ತ್ ಕಾಣಿ, ನಿಮ್ ಭಾಗಿ ಕೊಡಪಾನ ತುಂಬ ಕೊಡತ್ತ್" ಎಂದಳು. ಭಾಗಿಯ ಕೆಚ್ಚಲು ನೋಡಿ, "ಅಬ್ಬಾ, ಎಂಥಾ ಕೆಚ್ಚಲ್ ಮಾರಾಯ್ತಿ!" ಎಂದೂ ಹೇಳಿದಳು. ಈ ಮಾತನ್ನು ನೆನಪಿಡಿ, ಮುಂದೆ ಊರಿನವರಿಗೆ ಇದು ಬೇಕಾಗುತ್ತದೆ.

ನಾವು ಯೋಚನೆಯಿಲ್ಲದೆ ಸುರಿದವರಲ್ಲ. ಕೋಳಿಯ ತಿಂಡಿ, ಹಸಿಯಾಗಿ ಕೊಡಬಾರದು ಎಂದು ನನ್ನ ಯಜಮಾನರೇ ಹೇಳಿದರು. "ಲಾಯ್ಕ್ ಮಾಡಿ ಬೇಯ್ಸಿ ಕೊಡ್ವ. ಕುದ್ದ್ ಮೇಲೆ ಎಂತ ಇದ್ರೂ ಸಾಯತ್ತ್" ಎಂದರು. ಹೋಟೆಲಿನವರ ನಂಬಿಕೆ ಇದು, ತಲೆತಲಾಂತರದ್ದು. ಚೆನ್ನಾಗಿ ಕುದಿಸಿದ್ದು ಯಾರ ಹೊಟ್ಟೆಯನ್ನೂ ಕೆಡಿಸುವುದಿಲ್ಲ. ದೊಡ್ಡ ಕಡಾಯಿಯಲ್ಲಿ ಹದವಾಗಿ ಬೇಯಿಸಿದರು, ಬೆಲ್ಲ ಹಾಕಿದರು, ಮೆಂತೆ ಹಾಕಿದರು. ಹೆಚ್ಚಿನ ಪಾಲು ಭಾಗಿಗೆ, ಹೆಚ್ಚು ಹಾಲು ಕೊಡುವವಳು ಅವಳಲ್ಲವೇ. ಸ್ವಲ್ಪ ಅವಳ ಮೊದಲ ಮಗಳು ಚುಕ್ಕಿಗೆ. ಚುಕ್ಕಿ ಇನ್ನೂ ಕರು ಹಾಕದ ಗಡಸು. ಎಷ್ಟು ಪ್ರೀತಿಯೋ ಅಷ್ಟು ಪಾಲು. ಈಗ ಅದನ್ನು ಎಣಿಸಿದರೆ ನನಗೆ ಊಟ ಸೇರುವುದಿಲ್ಲ.

ಕೆಲವೇ ದಿನಗಳಲ್ಲಿ ಭಾಗಿ ತಿನ್ನುವುದು ಬಿಟ್ಟಳು. ಸೆಗಣಿ ನೀರಾಯಿತು. ಎದ್ದು ನಿಲ್ಲುವಾಗ ಹಿಂಗಾಲು ನಡುಗುತ್ತಿತ್ತು, ನಡೆದರೆ ಕುಡಿದವರ ಹಾಗೆ ಸೊಂಟ ಆಚೀಚೆ ಹೋಗುತ್ತಿತ್ತು. ಕರು ಹಾಕಿದ ದನ ಕಾಲು ಸೋತರೆ ನಮ್ಮ ಊರಿನಲ್ಲಿ ಎಲ್ಲರೂ ವೈದ್ಯರೇ: ಕ್ಯಾಲ್ಸಿಯಂ ಕಡಿಮೆಯಾಗಿದೆ. ಬಾಟಲಿ ತರಿಸಿ ಏರಿಸಲು ಒಬ್ಬರು ಸಿದ್ಧವಾಗಿಯೂ ಬಂದರು. ಅಷ್ಟರಲ್ಲಿ ಪುಣ್ಯಕ್ಕೆ ಡಾಕ್ಟರ್ ರಂಜನಿ ಬಂದರು. ನಮ್ಮ ಕಡೆಯ ಸರ್ಕಾರಿ ಪಶುವೈದ್ಯೆ, ಸಾಲಿಗ್ರಾಮದ ಕಡೆಯವರು. ಬಾಟಲಿಯನ್ನು ಕೆಳಗಿಡಿಸಿ, ಎದೆಗೆ ಕೊಳವೆ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಕುತ್ತಿಗೆಯ ನರ ನೋಡಿದರು, ಅದು ಹಗ್ಗದ ಹಾಗೆ ಉಬ್ಬಿ ಕುಣಿಯುತ್ತಿತ್ತು. ಎದೆಯ ಕೆಳಗೆ ನೀರು ತುಂಬಿ ಚರ್ಮ ಜೋಲುತ್ತಿತ್ತು, ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

"ಇದ್ ಕ್ಯಾಲ್ಸಿಯಂ ಅಲ್ಲ ಅಮ್ಮಾ. ಹೃದಯ ಸೋಲ್ತಾ ಇತ್ತ್" ಎಂದರು. "ದನಕ್ಕೂ ಹಾರ್ಟ್ ಪ್ರಾಬ್ಲಮ್ಮಾ?" ಎಂದು ನನ್ನ ಯಜಮಾನರು ನಕ್ಕರು. ನಗು ಬಂದದ್ದು ಹೆದರಿಕೆಗೆ. ಡಾಕ್ಟರರು ನಗಲಿಲ್ಲ. ಓಡಾಡಿಸಬೇಡಿ, ಗುಡ್ಡಕ್ಕೆ ಬಿಡಬೇಡಿ, ಸುಮ್ಮನೆ ನಿಲ್ಲಲು ಬಿಡಿ ಎಂದರು. ಮತ್ತೆ ಕೇಳಿದರು, "ಎಂತ ಕೊಟ್ರಿ ತಿಂಬುಕೆ?" ನಾನು ಹೇಳಿದೆ. ಅವರು ಕಡಾಯಿಯ ಕಡೆ ನೋಡಿ, ಚೀಲದಲ್ಲಿ ಉಳಿದದ್ದನ್ನು ಇನ್ನು ಒಂದು ಹಿಡಿಯೂ ಕೊಡಬೇಡಿ, ಎಸೆಯಲೂ ಬೇಡಿ, ಹಾಗೇ ಇಡಿ ಎಂದರು.

ಮಾರನೇ ದಿನ ಭಾಗಿ ಕರುವನ್ನು ಹುಡುಕಿ ಕೊಟ್ಟಿಗೆಯಿಂದ ಅಂಗಳಕ್ಕೆ ಇಳಿದಳು. ಇಳಿಯುವಾಗಲೇ ಮುಂಗಾಲು ಮಡಿಸಿ ಬಿದ್ದಳು. ಒಂದು ಕೂಗು ಕೂಡ ಹಾಕಲಿಲ್ಲ. ನನ್ನ ಯಜಮಾನರು ಅಕ್ಕಚ್ಚಿನ ಸೌಟು ಹಿಡಿದುಕೊಂಡೇ ಅವಳ ತಲೆಯ ಬಳಿ ಕುಳಿತುಬಿಟ್ಟರು. ಮುಂಬೈಯಲ್ಲಿ ಬೆಂಕಿ ಮೈಮೇಲೆ ಬಿದ್ದಾಗಲೂ ಅಳದ ಮನುಷ್ಯ ಎಂದು ಅವರ ಜೊತೆಯವರು ಹೇಳುತ್ತಿದ್ದರು. ಆ ದಿನ ಅತ್ತರು.

ಡಾಕ್ಟರರು ಕೊಯ್ದು ನೋಡಬೇಕು ಎಂದಾಗ ನನ್ನ ಯಜಮಾನರು ಒಪ್ಪಲಿಲ್ಲ. ತೆಂಗಿನ ಮರದ ಬುಡದಲ್ಲಿ ನಮ್ಮ ಊರಿನ ಚಂದಯ್ಯಣ್ಣ ಆಗಲೇ ಹೊಂಡ ತೋಡಲು ಸುರು ಮಾಡಿದ್ದರು. ನಮ್ಮಲ್ಲಿ ಮನೆಯ ದನ ಸತ್ತರೆ ಹಾಗೇ ಹೂಳುತ್ತೇವೆ, ಸಂಜೆಯೊಳಗೆ, ಅರಿಶಿನ ಕುಂಕುಮ ಇಟ್ಟು. ಚೂರಿ ತಾಗಿಸುವುದಿಲ್ಲ. ಅದಕ್ಕೇ ಇಷ್ಟು ವರ್ಷ ನಮ್ಮ ಊರಿನ ದನಗಳು ಏಕೆ ಸತ್ತವು ಎಂದು ತೆಂಗಿನ ಮರಗಳಿಗಷ್ಟೇ ಗೊತ್ತು. ನಾನು ಹಟ ಮಾಡಿದೆ. "ಹ್ವಾಯ್, ಚುಕ್ಕಿಯೂ ಅದೇ ತಿಂದಿತ್ತ್. ಕೊಯ್ದ್ ಕಾಂಬ, ಇಲ್ದಿದ್ರೆ ಅದನ್ನೂ ಹುಗಿಯುದೇ" ಎಂದೆ. ಅವರು ಎದ್ದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅದನ್ನೇ ಒಪ್ಪಿಗೆ ಎಂದು ತಿಳಿದೆ.

ಮಾನ್ಯರೇ, ನೀವು ಭಾಗಿಯ ಹೃದಯವನ್ನು ನೋಡಿದ್ದೀರೋ ಇಲ್ಲವೋ ತಿಳಿಯದು, ನಾನು ನೋಡಿದ್ದೇನೆ. ಡಾಕ್ಟರರು ಕೈಯಲ್ಲಿ ಹಿಡಿದು ತೋರಿಸಿದರು. ಗಟ್ಟಿಯಾಗಿ ಕೆಂಪಗೆ ಇರಬೇಕಾದದ್ದು ನೀರು ಇಳಿದ ಚೀಲದ ಹಾಗೆ ಜೋತಿತ್ತು. ಅಲ್ಲಲ್ಲಿ ಬಿಳಿಚಿಕೊಂಡ ಗೆರೆಗಳು, ಬೆಂದ ಹಾಗೆ. ತೊಡೆಯಲ್ಲೂ ಅದೇ ಗೆರೆ. ಅವರು ನನಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು. ಕೋಳಿಗಳಿಗೆ ರಕ್ತಭೇದಿ ಬರದಿರಲಿ ಎಂದು ಅವುಗಳ ತಿಂಡಿಗೆ ಒಂದು ಔಷಧಿ ಬೆರೆಸುತ್ತಾರೆ. ಕೋಳಿಗೆ ಅದು ಒಗ್ಗುತ್ತದೆ. ಆದರೆ ಅಳತೆ ಮೀರಿ ದನದ ಹೊಟ್ಟೆಗೆ ಹೋದರೆ ಹೃದಯದ ಸ್ನಾಯುವನ್ನೂ ಕಾಲಿನ ಸ್ನಾಯುವನ್ನೂ ನರವನ್ನೂ ತಿಂದುಹಾಕುತ್ತದೆ. ಕುದಿಸಿದರೆ ಹೋಗುವಂಥದ್ದಲ್ಲ. "ಬುಡದ ಹುಡಿಯಲ್ಲಿ ಔಷಧಿ ಜಾಸ್ತಿ ಇಳಿದಿರ್ಲಿಕ್ಕೂ ಸಾಕ್, ಮಿಲ್ಲಲ್ಲೇ ಬೆರ್ಸುವಾಗ ತಪ್ಪಿರ್ಲಿಕ್ಕೂ ಸಾಕ್. ಪರೀಕ್ಷೆ ಮಾಡ್ದೆ ನಾ ಹೇಳುಕಾತಿಲ್ಲೆ" ಎಂದರು. ನೋಡಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಒಬ್ಬ ಸರ್ಕಾರಿ ನೌಕರರು ನಿಮ್ಮ ಇಲಾಖೆಯಲ್ಲಿ ಇದ್ದಾರೆ. ದಯವಿಟ್ಟು ಅವರನ್ನು ಇದಕ್ಕಾಗಿ ವರ್ಗ ಮಾಡಬೇಡಿ.

ಆ ಮಾದರಿಗಳು ನಿಮ್ಮ ಕಚೇರಿಗೆ ಬಂದವು. ಅವುಗಳ ಹಿಂದೆ ನಾನೂ ಬಂದೆ. ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಬಂದೆ. ನಿಮ್ಮ ಕಚೇರಿಯಲ್ಲಿ ದನದ ಆಹಾರಕ್ಕೆ ಒಂದು ಮೇಜು, ಕೋಳಿಯ ಆಹಾರಕ್ಕೆ ಇನ್ನೊಂದು ಮೇಜು. ದನದ ಮೇಜಿನವರು ಪೊಟ್ಟಣ ನೋಡಿ, "ಇದು ಕೋಳಿ ಆಹಾರ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರು. ಕೋಳಿಯ ಮೇಜಿಗೆ ಹೋದೆ. ಅಲ್ಲಿಯವರು ತುಂಬಾ ಮರ್ಯಾದಸ್ಥರು, ಕುಳಿತುಕೊಳ್ಳಿ ಎಂದರು.

"ಕೋಳಿ ಎಷ್ಟು ಸತ್ತಿವೆ ಮೇಡಂ?"

"ಕೋಳಿ ಸತ್ತಿಲ್ಲ. ದನ ಸತ್ತದ್ದು."

"ಕೋಳಿ ಸತ್ತಿಲ್ಲ ಅಂದ್ಮೇಲೆ ಆಹಾರ ಚೆನ್ನಾಗೇ ಇದೆ ಅಂತಾಯ್ತಲ್ಲ!"

ಆ ಮನುಷ್ಯರ ಮುಖದಲ್ಲಿ ಒಂದು ಸಮಸ್ಯೆಯನ್ನು ಬಿಡಿಸಿದ ಸಂತೋಷವಿತ್ತು. ಕೋಳಿ ಸತ್ತರೆ ಒಂದು ಮೇಜು, ದನ ಸತ್ತರೆ ಇನ್ನೊಂದು ಮೇಜು, ಕೋಳಿಯದನ್ನು ತಿಂದು ದನ ಸತ್ತರೆ ಎರಡು ಮೇಜುಗಳ ನಡುವಿನ ನೆಲ. ಭಾಗಿಯ ಹೃದಯ ಆ ನೆಲದ ಮೇಲೆ ಎಲ್ಲೋ ಬಿದ್ದಿರಬೇಕು. ಕೇಳಿದರೆ, ಮಾದರಿಯು ಪರೀಕ್ಷೆಗೆ ಯೋಗ್ಯ ಸ್ಥಿತಿಯಲ್ಲಿ ಉಳಿದಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಉಳಿದಿಲ್ಲವೋ, ಉಳಿಸಲಿಲ್ಲವೋ? ಮೀನನ್ನೂ ಐಸಿನಲ್ಲಿಟ್ಟು ಕೋಡಿಯ ಕಡಲತೀರದಿಂದ ದೇಶದ ಮೂಲೆಮೂಲೆಗೆ ಕಳಿಸುವ ಜಿಲ್ಲೆ ನಮ್ಮದು. ಒಂದು ಹಿಡಿ ಹೃದಯವನ್ನು ತಂಪಾಗಿ ಇಡಲು ನಿಮ್ಮಿಂದ ಆಗಲಿಲ್ಲ.

ಅಂತೂ ಆ ಒಂದು ಸಾಲು ಬಂತು, ಸ್ವಾಭಾವಿಕ ಕಾರಣ. ಡಾಕ್ಟರ್ ರಂಜನಿಯವರಿಗೂ ಮೇಲಿನಿಂದ ಮಾತು ಬಂತಂತೆ, ಪ್ರಯೋಗಾಲಯದ ವರದಿಯಿಲ್ಲದೆ ಸಾವಿನ ಕಾರಣ ಯಾರಿಗೂ ಬರೆದು ಕೊಡಬಾರದು ಎಂದು. ಪ್ರಯೋಗಾಲಯಕ್ಕೆ ಕಳಿಸುವುದು ಯಾರು? ನೀವು. ವರದಿ ಇಲ್ಲದ್ದು ಏಕೆ? ನೀವು ಕಳಿಸದ್ದರಿಂದ. ಇಷ್ಟು ಗುಂಡಗಿನ ನಿಯಮವನ್ನು ಕುಂಬಾರರೂ ಮಾಡಲಾರರು.

ಇಲ್ಲಿಯವರೆಗೆ ನನ್ನದು ಒಂದು ದನದ ವಿಷಯ ಎಂದು ನೀವು ತಿಳಿದಿರಬಹುದು. ಪರಿಹಾರ ಕೊಟ್ಟು ಕೈತೊಳೆಯಬಹುದು ಎಂದೂ ಅನಿಸಿರಬಹುದು. ನಾನು ಪರಿಹಾರ ಕೇಳಲು ಬರೆಯುತ್ತಿಲ್ಲ. ನಾನು ಬರೆಯುತ್ತಿರುವುದು ಪ್ರಫುಲ್ಲಾಳಿಗಾಗಿ.

ನೀವು ಕಾರಣ ಹೇಳದೆ ಬಿಟ್ಟ ಜಾಗದಲ್ಲಿ ಊರು ಕಾರಣ ಹುಡುಕಿಕೊಂಡಿತು. ಊರಿಗೆ ಪ್ರಯೋಗಾಲಯ ಬೇಕಾಗುವುದಿಲ್ಲ, ಡೈರಿಯ ಜಗಲಿ ಸಾಕು. ಹೊಂಡ ತೋಡಿದ ಚಂದಯ್ಯಣ್ಣನೇ ಮೊದಲು ಹೇಳಿದ್ದು: "ಕಣ್ಣ್ ತಾಗಿದ್ದ್ ಗಿರ್ಜಾ. ಕೆಚ್ಚಲ್ ಕಂಡ್ ಆ ಹೆಂಗ್ಸ್ ಎಂತ ಹೇಳಿದ್ದ್, ನೆನ್ಪ್ ಮಾಡ್ಕೊ." ಕೆಟ್ಟ ಮನುಷ್ಯರಲ್ಲ ಅವರು, ನಮ್ಮ ಕಷ್ಟಕ್ಕೆ ಓಡಿ ಬರುವವರು. ಆದರೆ ಮಾತು ಹಾಲಿನ ಕ್ಯಾನಿನ ಜೊತೆ ಮನೆಮನೆಗೆ ಹೋಯಿತು. ಕೆಲವರು ಕಣ್ಣು ಎಂದರು, ಕೆಲವರು ಬೇಕೆಂದೇ ಏನೋ ಹಾಕಿ ಕೊಟ್ಟಳು ಎಂದರು. ಸರ್ಕಾರವೇ ಆಹಾರದಲ್ಲಿ ಏನೂ ಇಲ್ಲ ಎಂದಿದೆ ಎಂದೂ ಒಬ್ಬರು ನಿಮ್ಮ ಆ ಸಾಲನ್ನು ಸಾಕ್ಷಿಗೆ ತಂದರು. ಆಹಾರದಲ್ಲಿ ಇಲ್ಲದಿದ್ದರೆ ಕೊಟ್ಟವಳ ಕೈಯಲ್ಲಿ ಇರಬೇಕಲ್ಲ! ನಿಮ್ಮ ಉತ್ತರ ಊರಿನಲ್ಲಿ ಇಷ್ಟು ಕೆಲಸ ಮಾಡಿದೆ ಸ್ವಾಮಿ. ಕಚೇರಿಯಲ್ಲಿ ಏನೂ ಮಾಡದಿದ್ದರೂ.

ಪ್ರಫುಲ್ಲಾ ಜಗಳ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಜಗಳಗಂಟಿ, ಬಸ್ಸಿನ ಕಂಡಕ್ಟರನಿಗೂ ಬಿಡುವವಳಲ್ಲ. ಈಗ ಬಾಯಿ ಮುಚ್ಚಿದ್ದಾಳೆ. ಬಾವಿಗೆ ನಾನು ಇಲ್ಲದ ಹೊತ್ತು ನೋಡಿ ಬರುತ್ತಾಳೆ. ಅಂದಿನಿಂದ ಹಾಲು ಹಾಕಿದ ಚಹಾ ಕುಡಿಯುವುದಿಲ್ಲವಂತೆ. ಒಂದು ದಿನ ಹಿಡಿದು ನಿಲ್ಲಿಸಿ ಕೇಳಿದೆ, ನಿನ್ನ ತಪ್ಪು ಎಂದು ನಾನು ಎಂದಾದರೂ ಹೇಳಿದೆನೇ ಎಂದು.

"ನೀವ್ ಹೇಳ್ಲಿಲ್ಲೆ ಗಿರ್ಜಕ್ಕ. ಆರೆ ತಲೆ ಮೇಲೆ ಹೊತ್ಕಂಡ್ ಬಂದದ್ದ್ ನಾನೇ ಅಲ್ದಾ? ದನ ಕೊಂದದ್ದ್ ಅಂದ್ರೆ ಎಂಥ ಪಾಪ ಅಂದ್ ನಿಮ್ಗ್ ಗೊತ್ತಿಲ್ಯಾ?"

"ಚೀಲದೊಳ್ಗ್ ಎಂತ ಇತ್ತ್ ಅಂದ್ ನಿಂಗ್ ಹ್ಯಾಂಗ್ ಗೊತ್ತಾಪ್ಕ್ ಹೆಣ್ಣೇ? ಡಾಕ್ಟ್ರೇ ಹೇಳಿರಲ್ಲ."

"ಡಾಕ್ಟ್ರ್ ಬಾಯಲ್ಲ್ ಹೇಳಿದ್ರ್, ಬರ್ದ್ ಕೊಡ್ಲಿಲ್ಲೆ. ನಿಮ್ ಬಾಯಿ ಮಾತಿಂದ ಊರಿನ ಬಾಯಿ ಮುಚ್ಚುದಿಲ್ಲ ಅಕ್ಕ. ಸರ್ಕಾರ ಹೇಳ್ಕ್."

ಸರ್ಕಾರ ಹೇಳಬೇಕಂತೆ! ಮಾನ್ಯರೇ, ನಿಮ್ಮ ಮೇಲೆ ಇನ್ನೂ ಇಷ್ಟು ನಂಬಿಕೆ ಇಟ್ಟುಕೊಂಡ ಒಬ್ಬ ಹೆಂಗಸು ಈ ತಾಲೂಕಿನಲ್ಲಿ ಇದ್ದಾಳೆ. ನಿಮ್ಮ ಮೊಹರು ಬಿದ್ದ ಒಂದು ಕಾಗದ ಬಂದರೆ ತನ್ನ ತಲೆಯ ಮೇಲಿನದ್ದು ಇಳಿಯುತ್ತದೆ ಎಂದು ಕಾಯುತ್ತಿದ್ದಾಳೆ. ನನಗೆ ಆ ನಂಬಿಕೆ ಇಲ್ಲ, ಆದರೂ ಅವಳಿಗಾಗಿ ಬರೆಯುತ್ತಿದ್ದೇನೆ.

ನಾಗರ ಪಂಚಮಿಯ ದಿನ ಅರಿಶಿನ ಎಲೆಯ ಕಡುಬು ಮಾಡಿದೆ. ಅದೇ ಸ್ಟೀಲ್ ಪಾತ್ರೆಯಲ್ಲಿ ತುಂಬಿ ಅವಳ ಮನೆಯ ಜಗಲಿಯ ಮೇಲೆ ಇಟ್ಟು ಬಂದೆ, ಕರೆದರೆ ಹೊರಗೆ ಬರುತ್ತಾಳೋ ಇಲ್ಲವೋ ಎಂದು. ಸಂಜೆ ಪಾತ್ರೆ ನಮ್ಮ ಅಂಗಳದ ಪಾಗಾರದ ಗೋಡೆಯ ಮೇಲೆ ಬಂದು ಕುಳಿತಿತ್ತು. ಬೂದಿ ಹಾಕಿ ತಿಕ್ಕಿ, ತೊಳೆದು, ಒರೆಸಿ ಇಟ್ಟಿದ್ದಳು. ಮುಚ್ಚಳ ತೆಗೆದೆ. ಖಾಲಿ. ಒಂದು ಅಕ್ಕಿ ಕಾಳು ಇಲ್ಲ, ಒಂದು ಎಲೆ ಬಸಳೆ ಇಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಖಾಲಿ ಪಾತ್ರೆ ವಾಪಸ್ ಬಂದದ್ದು ನಾನು ಕಂಡಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಮನೆಗೆ ಏನನ್ನು ಕೊಟ್ಟರೂ ಯಾರಾದರೂ ಸಾಯುತ್ತಾರೆ ಎಂದು ಹೆದರಿದ್ದಾಳೆ ಎಂದು ತಿಳಿಯಿತು. ಪಾಗಾರಕ್ಕೆ ಒರಗಿ ನಾನು ಸ್ವಲ್ಪ ಹೊತ್ತು ಅತ್ತೆ.

ಇನ್ನು ಚುಕ್ಕಿಯ ವಿಷಯ. ಅವಳು ತಿಂದದ್ದು ಕಡಿಮೆ, ಬದುಕಿದ್ದಾಳೆ. ಹಿಂಗಾಲಿನ ಗೊರಸು ಮಡಚಿಕೊಳ್ಳುತ್ತದೆ, ಎಳೆದು ನಡೆಯುತ್ತಾಳೆ. ಹೃದಯಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಹೊರಗಿನಿಂದ ಹೇಳಲು ಆಗುವುದಿಲ್ಲ, ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ, ಗಬ್ಬವಾದರೆ ಆ ಭಾರ ತಾಳದೆ ಹೋಗಬಹುದು ಎಂದು ಡಾಕ್ಟರರು ಹೇಳಿದ್ದಾರೆ. ಅವಳನ್ನು ಸುಮ್ಮನೆ ಇಟ್ಟುಕೊಂಡಿದ್ದೇವೆ. ನಿಮ್ಮದೇ ಸರ್ಕಾರದ ಇನ್ನೊಂದು ಕಡೆಯಿಂದ ಆಗಾಗ ಫೋನು ಬರುತ್ತದೆ: ನಿಮ್ಮಲ್ಲಿ ಒಂದು ಗಡಸು ಇದೆ, ಇನ್ನೂ ಗಬ್ಬ ಕಟ್ಟಿಸಿಲ್ಲ, ಈ ತಿಂಗಳ ಗುರಿ ಮುಟ್ಟಬೇಕು, ಯಾವಾಗ ಬರಲಿ? ಅದರ ಹೃದಯ ಹಾಳಾಗಿದೆ ಮಾರಾಯ್ರೇ ಎಂದೆ. "ಹೃದಯದ್ದು ನಮ್ಮ ಆ್ಯಪಲ್ಲಿ ಇಲ್ಲ ಅಮ್ಮಾ" ಎಂದರು. ಫೋನು ಇಟ್ಟೆ.

ನನ್ನ ಯಜಮಾನರು ಈಗ ಕಡಾಯಿಯಲ್ಲಿ ಹುಲ್ಲು, ತೌಡು ಬಿಟ್ಟು ಬೇರೇನೂ ಹಾಕುವುದಿಲ್ಲ. ಉಪ್ಪು ನೋಡುವುದನ್ನೂ ಬಿಟ್ಟಿದ್ದಾರೆ. "ನನ್ನ ನಾಲ್ಗೆಗ್ ಗೊತ್ತಾಗ್ಲಿಲ್ಲ ಅಲ್ದಾ, ಇನ್ ಅದ್ರಿಂದ ಎಂತ ಉಪ್ಕಾರ?" ಎನ್ನುತ್ತಾರೆ. ನಾಲಿಗೆಗೆ ಗೊತ್ತಾಗದ್ದನ್ನು ಕಂಡುಹಿಡಿಯಲಿಕ್ಕೆಂದೇ ನಿಮ್ಮ ಕಚೇರಿ ಇರುವುದು, ಅದಕ್ಕೆಂದೇ ನಿಮಗೆ ಕಾರು, ಕುರ್ಚಿ ಎಂದು ಅವರಿಗೆ ಹೇಳಿದರೆ ತಲೆ ಅಲ್ಲಾಡಿಸುತ್ತಾರೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಒಳಊರುಗಳಲ್ಲಿ ಕೋಳಿ ಶೆಡ್ಡುಗಳು ಎಷ್ಟಿವೆ, ಅವುಗಳ ಪಕ್ಕದಲ್ಲಿ ದನದ ಹಟ್ಟಿಗಳು ಎಷ್ಟಿವೆ ಎಂದು ಒಮ್ಮೆ ಕಾರಿನ ಕಿಟಕಿ ಇಳಿಸಿ ನೋಡಿ. ಪ್ರತಿ ಸಲ ಲಾರಿ ಹೋದ ಮೇಲೆ ಚೀಲದ ಬುಡದಲ್ಲಿ ಸ್ವಲ್ಪ ಉಳಿಯುತ್ತದೆ. ಒಳ್ಳೆಯ ಜೋಳದ ವಾಸನೆ ಬರುತ್ತದೆ. ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಅನ್ನವನ್ನು ಎಸೆಯದ ಜನ ನಾವು. ಪಕ್ಕದ ಮನೆಯ ದನ ಕರು ಹಾಕಿರುತ್ತದೆ, ಗಿಣ್ಣು ಬಂದಿರುತ್ತದೆ, ಪಾತ್ರೆಯನ್ನು ಖಾಲಿ ಕೊಡುವಂತಿಲ್ಲ. ಇದರಲ್ಲಿ ಕೆಟ್ಟವರು ಯಾರು? ನನಗೆ ಒಬ್ಬರೂ ಕಾಣುವುದಿಲ್ಲ. ಚೀಲದ ಮೇಲೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ ಏನೇನೋ ಇತ್ತು, ಪ್ರಫುಲ್ಲಾಳಿಗೂ ನನಗೂ ಅದು ಅಲಂಕಾರದ ಹಾಗೆ ಕಂಡಿತ್ತು. ಸಿಗರೇಟಿನ ಪ್ಯಾಕಿನ ಮೇಲೆ ಕೊಳೆತ ಗಂಟಲಿನ ಚಿತ್ರ ಹಾಕಿಸಲು ಗೊತ್ತಿರುವ ಸರ್ಕಾರಕ್ಕೆ ಕೋಳಿ ತಿಂಡಿಯ ಚೀಲದ ಮೇಲೆ ಒಂದು ದನದ ಚಿತ್ರ ಬರೆದು ಅಡ್ಡಗೆರೆ ಎಳೆಸಲು ಆಗುವುದಿಲ್ಲವೇ? ಓದಲು ಬಾರದವರಿಗೂ ದನ ಕಂಡರೆ ದನ ಎಂದು ತಿಳಿಯುತ್ತದೆ. ನಿಮ್ಮ ಎರಡು ಮೇಜಿನವರಿಗೂ ತಿಳಿಯಬಹುದು.

ಆ ಚಿತ್ರ ಬೇಕು, ಕನ್ನಡದಲ್ಲಿ ದೊಡ್ಡಕ್ಷರದ ಎಚ್ಚರಿಕೆ ಬೇಕು. ಅದು ಊರಿಗಾಗಿ. ನನಗೆ ಬೇಕಾದದ್ದು ಇನ್ನೊಂದಿದೆ. ಪ್ರಫುಲ್ಲಾ ತಂದ ಚೀಲದಲ್ಲಿ ಉಳಿದದ್ದನ್ನು ಡಾಕ್ಟರರು ಹೇಳಿದಂತೆ ನಾನು ಹಾಗೇ ಇಟ್ಟಿದ್ದೇನೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಅಟ್ಟದ ಮೇಲೆ, ಇಲಿ ಇರುವೆ ಮುಟ್ಟದ ಹಾಗೆ. ನಿಮ್ಮಲ್ಲಿ ಹಾಳಾದದ್ದು ನನ್ನಲ್ಲಿ ಹಾಳಾಗಿಲ್ಲ. ಅದನ್ನು ಪರೀಕ್ಷೆ ಮಾಡಿಸಿ. ಅದರಲ್ಲಿ ಏನಿತ್ತು, ಎಷ್ಟಿತ್ತು, ಅದಕ್ಕೂ ಭಾಗಿಯ ಹೃದಯಕ್ಕೂ ಸಂಬಂಧವಿದೆಯೋ ಇಲ್ಲವೋ, ಬರೆದು ಕೊಡಿ. ಡಾಕ್ಟರರ ಅನುಮಾನ ತಪ್ಪು ಎಂದು ಬಂದರೂ ಸರಿಯೇ, ಆಗ ನಿಜವಾದ ಕಾರಣ ಹುಡುಕಿ. ಕಾಗದದ ಮೇಲೆ ನನ್ನ ಹೆಸರು ಬರೆಯಬೇಡಿ, ಪ್ರಫುಲ್ಲಾಳ ಹೆಸರಿಗೆ ಕಳಿಸಿ. ನಿಮಗೆ ಪುರುಸೊತ್ತಿದ್ದರೆ ಡೈರಿಯ ಜಗಲಿಗೆ ಬಂದು, ಹಾಲು ಹಾಕಲು ಎಲ್ಲರೂ ಸೇರಿರುವ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳಿ. ಚಹಾ ನಾನು ಕೊಡುತ್ತೇನೆ. ಆ ದಿನ ಪ್ರಫುಲ್ಲಾಳ ಚಹಾಕ್ಕೆ ಹಾಲು ಹಾಕುವವಳೂ ನಾನೇ.

ಕೊನೆಯದಾಗಿ, ಸೋಮವಾರ ನಿಮ್ಮ ಕಚೇರಿಗೆ ಬರುತ್ತಿದ್ದೇನೆ. ನಿಮ್ಮನ್ನು ಕಾಣಲು ಬಿಡುವುದಿಲ್ಲ ಎಂದು ಗೊತ್ತಿದೆ. ಆ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ಡಬ್ಬಿಯ ತಿಂಡಿಯನ್ನು ತುಂಬಿ, ನಿಮ್ಮ ಎರಡು ಮೇಜುಗಳ ನಡುವೆ ನೆಲದ ಮೇಲೆ ಇಟ್ಟು ಬರುತ್ತೇನೆ. ಗಿಣ್ಣು ಹೋದದ್ದು ಅದರಲ್ಲೇ, ಸಾವು ಬಂದದ್ದು ಅದರಲ್ಲೇ, ಪಂಚಮಿಯ ದಿನ ಖಾಲಿಯಾಗಿ ಪಾಗಾರದ ಮೇಲೆ ಕುಳಿತದ್ದೂ ಅದೇ. ನಮ್ಮ ಪದ್ಧತಿ ಈಗ ನಿಮಗೂ ಗೊತ್ತಾಗಿದೆ. ಪಾತ್ರೆಯನ್ನು ಖಾಲಿ ವಾಪಸ್ ಕಳಿಸಬೇಡಿ.

ಇಂತಿ,
ಉತ್ತರಕ್ಕಿಂತ ಪಾತ್ರೆಯೇ ಮೊದಲು ಕಳೆದುಹೋಗಬಹುದು ಎಂದು ಹೆದರಿ, ಅದರ ತಳದಲ್ಲಿ ಹೆಸರು ಕೊರೆಸಿಕೊಂಡಿರುವ,
ಗಿರಿಜಾ
(ಭಾಗಿಯ ಮನೆಯವಳು, ಪ್ರಫುಲ್ಲಾಳ ನೆರೆಯವಳು)